ತಾರಸಿಯ ಧೂಳಿಗೆ ಎರಡು ಸಾವಿರ ರೂಪಾಯಿಯ ಮೈಕ್ರೋಸ್ಕೋಪ್: ಒಡೆಯದೆ ಉಳಿದದ್ದಷ್ಟೇ ಕಾಣುತ್ತದೆ

ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಗಳಲ್ಲಿ ಸುಮಾರು ಎರಡು ಸಾವಿರ ರೂಪಾಯಿಗೆ ಸಿಗುವ, ಪೆಟ್ಟಿಗೆಯ ಮೇಲೆ ‘1000ಎಕ್ಸ್’ ಎಂದು ದಪ್ಪ ಅಕ್ಷರದಲ್ಲಿ ಮುದ್ರಿಸಿರುವ, ತಯಾರಕರ ಹೆಸರು ಮಾತ್ರ ಎಲ್ಲಿಯೂ ಕಾಣದ ಯುಎಸ್‌ಬಿ ಮೈಕ್ರೋಸ್ಕೋಪಿನ ವಿಮರ್ಶೆ ಇದು. ಮೊಬೈಲ್ ರಿಪೇರಿಯವರು ಸರ್ಕ್ಯೂಟ್ ಬೋರ್ಡಿನ ಬೆಸುಗೆ ಪರೀಕ್ಷಿಸಲು, ಶಾಲೆಯ ಮಕ್ಕಳು ಎಲೆಯ ನರ ನೋಡಲು ಇದನ್ನು ಕೊಳ್ಳುವುದು ವಾಡಿಕೆ. ಈಚೆಗೆ ಇದೇ ಉಪಕರಣದ ಜೊತೆಗೆ ಒಂದು ನಿಯೋಡಿಮಿಯಂ ಅಯಸ್ಕಾಂತ, ಕೆಲವು ಗಾಜಿನ ಸ್ಲೈಡುಗಳು ಮತ್ತು ಒಂದು ಕರಪತ್ರವನ್ನು ಸೇರಿಸಿ, ಮನೆಯ ತಾರಸಿಯಲ್ಲಿ ಬಾಹ್ಯಾಕಾಶದ ಧೂಳನ್ನು ಹುಡುಕುವ ಕಿಟ್ ಎಂದು ಹೆಚ್ಚಿನ ಬೆಲೆಗೆ ಮಾರುವವರೂ ಇದ್ದಾರೆ. ಧೂಮಕೇತುಗಳು ಚೆಲ್ಲಿದ ಧೂಳು ದಿನವೂ ಭೂಮಿಗೆ ಬೀಳುತ್ತಿದೆ, ಅದನ್ನು ಹಿಡಿದು ಪರದೆಯ ಮೇಲೆ ನೋಡಬಹುದು ಎಂಬುದು ಆ ಕರಪತ್ರದ ಸಾರಾಂಶ. ಇದರಲ್ಲಿ ಮೊದಲಿನ ಅರ್ಧ ನಿಜ. ಎರಡನೆಯ ಅರ್ಧವನ್ನು ಹಾಗೆಯೇ ಒಪ್ಪಲಾಗದು. ಧೂಮಕೇತುವಿನ ಧೂಳಿನಲ್ಲಿ ಯಾವುದು ಎಲ್ಲಕ್ಕಿಂತ ವಿಶಿಷ್ಟವೋ ಅದರ ಬಹುಪಾಲು ತಾರಸಿಯನ್ನು ತಲುಪುವ ಬಹಳ ಮೊದಲೇ, ಭೂಮಿಯ ನೆರೆಯಲ್ಲಿಯೇ, ಒಡೆದು ಚೂರಾಗಿರುತ್ತದೆ. ಹಾಗಾಗಿ ಈ ಉಪಕರಣ ಕೊಟ್ಟ ಹಣಕ್ಕೆ ತಕ್ಕದ್ದೇ ಎಂದು ತೀರ್ಮಾನಿಸುವ ಮೊದಲು ಆ ಒಡೆಯುವಿಕೆಯ ಲೆಕ್ಕವನ್ನು ಮುಂದಿಟ್ಟುಕೊಳ್ಳಬೇಕಾಗುತ್ತದೆ.

ಮೊದಲು ಉಪಕರಣದ ವಿಷಯ. ಅಂಗೈಯಲ್ಲಿ ಹಿಡಿಸುವ ಪ್ಲಾಸ್ಟಿಕ್ ಕೊಳವೆ. ಅದರ ಬಾಯಿಯ ಸುತ್ತ ಎಂಟು ಎಲ್‌ಇಡಿ ದೀಪಗಳು. ಕೇಬಲ್ಲಿನ ಮೇಲೆ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಒಂದು ಪುಟ್ಟ ಚಕ್ರ. ಕೊಳವೆಯ ನಡುವೆ ಫೋಕಸ್ ಹೊಂದಿಸುವ ಬಳೆ. ಜೊತೆಗೆ ಲೋಹದ ಅಡಿಪಟ್ಟಿಯ ಸ್ಟ್ಯಾಂಡು, 0.1 ಮಿಲಿಮೀಟರ್ ಗೆರೆಗಳಿರುವ ಪಾರದರ್ಶಕ ಪ್ಲಾಸ್ಟಿಕ್ ಅಳತೆಪಟ್ಟಿ, ಹಾಗೂ ಯಾರ ಲ್ಯಾಪ್‌ಟಾಪಿನಲ್ಲಿಯೂ ಈಗ ಹಾಕಲು ಜಾಗವಿಲ್ಲದ ಒಂದು ಸಣ್ಣ ಸಿಡಿ. ಸಿಡಿಯನ್ನು ಮರೆತುಬಿಡಬಹುದು, ಏಕೆಂದರೆ ಕಂಪ್ಯೂಟರು ಇದನ್ನು ಸಾಮಾನ್ಯ ವೆಬ್‌ಕ್ಯಾಮ್ ಎಂದೇ ಗುರುತಿಸುತ್ತದೆ. ಅಳತೆಪಟ್ಟಿಯನ್ನು ಮಾತ್ರ ಕಳೆದುಕೊಳ್ಳಬಾರದು. ಪೆಟ್ಟಿಗೆಯಲ್ಲಿರುವ ಒಂದೇ ಪ್ರಾಮಾಣಿಕ ವಸ್ತು ಅದು.

ಹೀಗೆನ್ನಲು ಕಾರಣವಿದೆ. ‘1000ಎಕ್ಸ್’ ಎಂಬ ಅಂಕಿಗೆ ಇಂಥ ಉಪಕರಣದಲ್ಲಿ ಖಚಿತ ಅರ್ಥವೇ ಇಲ್ಲ. ಪರದೆ ದೊಡ್ಡದಾದಂತೆ ಚಿತ್ರವೂ ದೊಡ್ಡದಾಗುತ್ತದೆ, ಆದರೆ ಕಾಣುವ ವಿವರ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಕೇಳಬೇಕಾದ ಪ್ರಶ್ನೆಗಳು ಎರಡು: ಗರಿಷ್ಠ ವರ್ಧನೆಯಲ್ಲಿ ಎಷ್ಟು ಅಗಲದ ಜಾಗ ಪರದೆಯನ್ನು ತುಂಬುತ್ತದೆ, ಮತ್ತು ಸಂವೇದಕದಲ್ಲಿ ನಿಜವಾಗಿ ಎಷ್ಟು ಪಿಕ್ಸೆಲ್‌ಗಳಿವೆ. ಅಳತೆಪಟ್ಟಿಯನ್ನು ಕೆಳಗಿಟ್ಟು ಕೊಳವೆಯ ತುದಿಯನ್ನು ಅದಕ್ಕೆ ತಾಗುವಂತೆ ಇಳಿಸಿದರೆ ಸುಮಾರು ಎರಡು ಮಿಲಿಮೀಟರ್ ಅಗಲ ಕಾಣುತ್ತದೆ. ಅಗ್ಗದ ಮಾದರಿಯ ಸಂವೇದಕದಲ್ಲಿರುವುದು ಅಡ್ಡಲಾಗಿ 640 ಪಿಕ್ಸೆಲ್. ತಂತ್ರಾಂಶದಲ್ಲಿ 1920 ಎಂದು ಆರಿಸಿಕೊಂಡರೆ ಅದೇ ಚಿತ್ರವನ್ನು ಹಿಗ್ಗಿಸಿ ಕೊಡುತ್ತದೆಯೇ ಹೊರತು ಹೊಸದೇನನ್ನೂ ತೋರಿಸುವುದಿಲ್ಲ. ಎಂದರೆ ಒಂದು ಪಿಕ್ಸೆಲ್ಲಿಗೆ ಸುಮಾರು 3 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್). ಒಂದು ವಿವರವನ್ನು ಗುರುತಿಸಲು ಕನಿಷ್ಠ ಮೂರು ಪಿಕ್ಸೆಲ್ ಬೇಕೆಂದುಕೊಂಡರೆ, 10 ಮೈಕ್ರಾನಿಗಿಂತ ಸಣ್ಣದು ಇದಕ್ಕೆ ಕೇವಲ ಮಸುಕು. 300 ಮೈಕ್ರಾನಿನ ಗುಂಡೊಂದು ನೂರು ಪಿಕ್ಸೆಲ್ ಅಗಲಕ್ಕೆ ಚೆನ್ನಾಗಿಯೇ ಕಾಣುತ್ತದೆ. ಈ ಎರಡು ಅಳತೆಗಳನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸ್ಪಷ್ಟವಾಗುತ್ತದೆ.

ಧೂಳು ಎಷ್ಟು ಬೀಳುತ್ತದೆ? 1984ರಲ್ಲಿ ಕಕ್ಷೆಗೆ ಬಿಟ್ಟು 1990ರಲ್ಲಿ ಮರಳಿ ತಂದ ನಾಸಾದ ಎಲ್‌ಡಿಇಎಫ್ ಉಪಗ್ರಹದ ಫಲಕಗಳ ಮೇಲಿನ ಸಣ್ಣ ಕುಳಿಗಳನ್ನು ಎಣಿಸಿ, ವರ್ಷಕ್ಕೆ ಸುಮಾರು 40,000 ಟನ್ ಧೂಳು ಭೂಮಿಗೆ ಬಂದು ಸೇರುತ್ತದೆಂದು 1993ರಲ್ಲಿ ಅಂದಾಜಿಸಲಾಯಿತು. ಅಂಟಾರ್ಕ್ಟಿಕಾದ ಕಾನ್ಕಾರ್ಡಿಯಾ ನೆಲೆಯ ಬಳಿಯ ಹಿಮವನ್ನು ಕರಗಿಸಿ ಸೋಸಿ 2021ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ನೆಲವನ್ನು ಕಣಗಳ ರೂಪದಲ್ಲಿ ತಲುಪುವುದು ವರ್ಷಕ್ಕೆ ಸುಮಾರು 5,200 ಟನ್. ಎರಡೂ ಅಂದಾಜುಗಳ ವಿಧಾನ ಬೇರೆಬೇರೆಯಾದ್ದರಿಂದ ಒಂದರಿಂದ ಇನ್ನೊಂದನ್ನು ನೇರವಾಗಿ ಕಳೆಯುವಂತಿಲ್ಲ. ಆದರೂ ಬರುವುದಕ್ಕೂ ತಲುಪುವುದಕ್ಕೂ ನಡುವೆ ದೊಡ್ಡ ಅಂತರವಿದೆ ಎಂಬುದು ಖಚಿತ. 5,200 ಟನ್ನನ್ನು ಇಡೀ ಭೂಮಿಯ ಮೇಲ್ಮೈಗೆ ಹಂಚಿದರೆ ಒಂದು ಚದರ ಮೀಟರಿಗೆ ವರ್ಷಕ್ಕೆ ಸುಮಾರು 10 ಮೈಕ್ರೋಗ್ರಾಂ ಬರುತ್ತದೆ. 200 ಮೈಕ್ರಾನ್ ವ್ಯಾಸದ ಒಂದು ಕಲ್ಲಿನ ಗುಂಡಿನ ತೂಕವೂ ಹೆಚ್ಚು ಕಡಿಮೆ ಅಷ್ಟೇ. 30×40 ಸೈಟಿನಲ್ಲಿ ಕಟ್ಟಿದ ಮನೆಯ ತಾರಸಿಯನ್ನು ಎಂಬತ್ತು ಚದರ ಮೀಟರ್ ಎಂದುಕೊಂಡರೆ, ವರ್ಷವಿಡೀ ಬೀಳುವುದೆಲ್ಲ ಸೇರಿ ಇಂಥ ಎಂಬತ್ತು ಗುಂಡುಗಳ ತೂಕ. ಆ ಎಂಬತ್ತನ್ನು ಕೆಲವು ಕಿಲೋ ಬೆಂಗಳೂರಿನ ಧೂಳಿನಿಂದ ಹೆಕ್ಕಬೇಕು.

ಇಷ್ಟು ಕಡಿಮೆ ಏಕೆ ಎಂಬುದಕ್ಕೆ ಕರಪತ್ರವು ಒಂದೇ ವಾಕ್ಯದ ಉತ್ತರ ಕೊಡುತ್ತದೆ: ಉಳಿದದ್ದು ವಾಯುಮಂಡಲದಲ್ಲಿ ಉರಿದುಹೋಗುತ್ತದೆ. ಈ ಉತ್ತರ ತಪ್ಪಲ್ಲದಿದ್ದರೂ ತೀರ ಅರೆಬರೆ. ಧೂಳು ಕಳೆದುಹೋಗುವ ದಾರಿಗಳು ಹಲವು, ಮತ್ತು ಅವುಗಳಲ್ಲಿ ಮೊದಲನೆಯದು ವಾಯುಮಂಡಲಕ್ಕಿಂತ ಬಹಳ ಮೇಲೆಯೇ ಶುರುವಾಗುತ್ತದೆ.

ಯುರೋಪಿನ ಆಗಿನ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು 1972ರ ಜನವರಿಯಲ್ಲಿ ಹಾರಿಸಿದ ಹಿಯೋಸ್-2 ಉಪಗ್ರಹವು ಬಹಳ ಉದ್ದನೆಯ ದೀರ್ಘವೃತ್ತದ ಕಕ್ಷೆಯಲ್ಲಿ, ಒಮ್ಮೆ ಭೂಮಿಯ ಹತ್ತಿರಕ್ಕೂ ಮತ್ತೊಮ್ಮೆ ಎರಡು ಲಕ್ಷ ಕಿಲೋಮೀಟರಿಗಿಂತ ದೂರಕ್ಕೂ ಸುತ್ತುತ್ತಿತ್ತು. ಅದರಲ್ಲಿದ್ದ ಧೂಳು ಸಂವೇದಕಕ್ಕೆ ಕಣವೊಂದು ಅತಿ ವೇಗದಿಂದ ಬಡಿದರೆ ಕಣವು ಆವಿಯಾಗಿ, ಆ ಆವಿಯ ವಿದ್ಯುದಾವೇಶದ ಕಿರು ಮಿಡಿತ ದಾಖಲಾಗುತ್ತಿತ್ತು. ದೂರದಲ್ಲಿದ್ದಾಗ ಕಣಗಳು ಒಂದೊಂದಾಗಿ, ಅಡ್ಡಾದಿಡ್ಡಿ ಸಮಯಗಳಲ್ಲಿ ಬಡಿದವು. ಭೂಮಿಯ ತ್ರಿಜ್ಯದ ಹತ್ತು ಪಟ್ಟಿನೊಳಗೆ, ಎಂದರೆ ಸುಮಾರು 60,000 ಕಿಲೋಮೀಟರಿನೊಳಗೆ ಬಂದಾಗ ಮಾತ್ರ ಕೆಲವು ಸಲ ಕಣಗಳು ಹಿಂಡುಹಿಂಡಾಗಿ ಬಡಿದವು. ಹೈಡೆಲ್‌ಬರ್ಗಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಹ್ಯೂಗೊ ಫೆಚ್ಟಿಗ್ ಮತ್ತು ಅಮೆರಿಕದ ಡಡ್ಲಿ ವೀಕ್ಷಣಾಲಯದ ಕರ್ಟಿಸ್ ಹೆಮೆನ್ವೇ 1976ರಲ್ಲಿ ಮುಂದಿಟ್ಟ ವಿವರಣೆಯೆಂದರೆ, ಇವು ಭೂಮಿಯ ಸಮೀಪದಲ್ಲಿಯೇ ಒಡೆದ ದೊಡ್ಡ ಕಣಗಳ ಚೂರುಗಳು ಎಂಬುದು. ತರ್ಕ ಸರಳವಾಗಿದೆ. ಬೇರೆಬೇರೆ ಗಾತ್ರದ ಚೂರುಗಳ ಮೇಲೆ ಸೂರ್ಯನ ಬೆಳಕಿನ ಒತ್ತಡ ಬೇರೆಬೇರೆಯಾಗಿ ಕೆಲಸ ಮಾಡುವುದರಿಂದ, ದೂರದಲ್ಲೆಲ್ಲೋ ಒಡೆದಿದ್ದರೆ ಅವು ಇಲ್ಲಿಗೆ ಬರುವ ಹೊತ್ತಿಗೆ ಚದುರಿಹೋಗಿರುತ್ತಿದ್ದವು. ಒಟ್ಟಿಗೆ ಬಂದು ಬಡಿದಿವೆಯೆಂದರೆ ಒಡೆದದ್ದು ಹತ್ತಿರದಲ್ಲಿ, ಮತ್ತು ಈಗಷ್ಟೇ.

ಗಾಳಿಯೇ ಇಲ್ಲದ ಅಷ್ಟು ಎತ್ತರದಲ್ಲಿ ಒಡೆಯುವುದು ಯಾವುದರಿಂದ? ವಿದ್ಯುತ್ತಿನಿಂದ. ಬಾಹ್ಯಾಕಾಶದಲ್ಲಿ ತೇಲುವ ಪ್ರತಿಯೊಂದು ಕಣವೂ ವಿದ್ಯುದಾವೇಶ ಹೊತ್ತಿರುತ್ತದೆ. ಸೂರ್ಯನ ನೇರಳಾತೀತ ಬೆಳಕು ಅದರಿಂದ ಎಲೆಕ್ಟ್ರಾನುಗಳನ್ನು ಹೊರಗಟ್ಟಿ ಕೆಲವು ವೋಲ್ಟಿನಷ್ಟು ಧನಾವೇಶ ಕೊಡುತ್ತದೆ. ಆದರೆ ಭೂಮಿಯ ಕಾಂತಗೋಳದಲ್ಲಿ, ಎಂದರೆ ಭೂಮಿಯ ಕಾಂತಕ್ಷೇತ್ರದ ಹಿಡಿತವಿರುವ ಪ್ರದೇಶದಲ್ಲಿ, ಅದರಲ್ಲೂ ಧ್ರುವಪ್ರಭೆಗೆ ಕಾರಣವಾಗುವ ಬಿಸಿ ಎಲೆಕ್ಟ್ರಾನುಗಳು ಹರಿಯುವ ವಲಯದಲ್ಲಿ, ಕಣದೊಳಕ್ಕೆ ನುಗ್ಗುವ ಎಲೆಕ್ಟ್ರಾನುಗಳೇ ಹೆಚ್ಚಾಗಿ, ಅದು ನೂರಾರು ವೋಲ್ಟಿನಷ್ಟು ಋಣಾವೇಶಕ್ಕೆ ಏರಬಲ್ಲದು. ಭೂಸ್ಥಿರ ಕಕ್ಷೆಯ ಉಪಗ್ರಹಗಳೂ ಭೂಮಿಯ ನೆರಳಿನಲ್ಲಿರುವಾಗ ಇದೇ ರೀತಿ ಹಲವು ಸಾವಿರ ವೋಲ್ಟಿಗೆ ಏರಿದ್ದುಂಟು. ಬೆಂಗಳೂರಿನಲ್ಲಿ ಉಪಗ್ರಹ ಕಟ್ಟುವವರಿಗೂ ಹಾಸನದಲ್ಲಿ ಅವನ್ನು ನಿಯಂತ್ರಿಸುವವರಿಗೂ ಇದು ಹೊಸ ಸಂಗತಿಯೇನಲ್ಲ. ಉಪಗ್ರಹದಲ್ಲಿ ಕಿಡಿ ಹಾರಿ ಉಪಕರಣ ಕೆಡಬಹುದು. ಧೂಳಿನ ಕಣದಲ್ಲಿಯಾದರೋ, ಒಂದೇ ಬಗೆಯ ಆವೇಶ ಹೊತ್ತ ಅದರ ಭಾಗಗಳು ಪರಸ್ಪರ ದೂರ ತಳ್ಳಿಕೊಳ್ಳುತ್ತವೆ.

ಎಷ್ಟು ಬಲದಿಂದ ತಳ್ಳಿಕೊಳ್ಳುತ್ತವೆ ಎಂಬುದನ್ನು ಹೈಸ್ಕೂಲು ದಾಟಿದವರು ಲೆಕ್ಕ ಹಾಕಿ ನೋಡಬಹುದು. 1 ಮೈಕ್ರಾನ್ ತ್ರಿಜ್ಯದ ಕಣ 100 ವೋಲ್ಟಿಗೆ ಏರಿದರೆ ಅದರ ಮೇಲ್ಮೈಯಲ್ಲಿ ವಿದ್ಯುತ್ ಕ್ಷೇತ್ರ ಮೀಟರಿಗೆ ಹತ್ತು ಕೋಟಿ ವೋಲ್ಟ್. ಅದು ಹೊರಕ್ಕೆ ಎಳೆಯುವ ಒತ್ತಡ ಸುಮಾರು 44,000 ಪ್ಯಾಸ್ಕಲ್, ಎಂದರೆ ವಾತಾವರಣದ ಒತ್ತಡದ ಅರ್ಧಕ್ಕೆ ಹತ್ತಿರ. ಗಟ್ಟಿ ಕಲ್ಲಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಧೂಮಕೇತುವಿನ ಧೂಳು ಕಲ್ಲಲ್ಲ. ಬೆಲ್ಲದ ಪಾಕ ಸಾಲದೆ ಕಟ್ಟಿದ ಪುರಿಯುಂಡೆಯ ಹಾಗೆ, ಅತಿ ಸೂಕ್ಷ್ಮ ಕಣಗಳು ಅಲ್ಲಲ್ಲಿ ತಾಗಿಕೊಂಡು, ನಡುವೆ ಬರಿಯ ಟೊಳ್ಳು ಬಿಟ್ಟುಕೊಂಡು ನಿಂತ ರಚನೆ ಅದು. 67ಪಿ ಧೂಮಕೇತುವಿನ ಜೊತೆಗೆ 2014ರಿಂದ 2016ರವರೆಗೆ ಸಾಗಿದ ರೊಸೆಟ್ಟಾ ನೌಕೆಯ ಕೊಸಿಮಾ ಉಪಕರಣವು ಲೋಹದ ಫಲಕಗಳ ಮೇಲೆ ಇಂಥ ಕಣಗಳನ್ನು ಹಿಡಿಯಿತು. ಸೆಕೆಂಡಿಗೆ ಕೆಲವೇ ಮೀಟರ್ ವೇಗದಲ್ಲಿ ತಾಗಿದರೂ ಅವು ಪುಡಿಯಾದವು. ಅವುಗಳ ಗಟ್ಟಿತನ ಸಾವಿರ ಪ್ಯಾಸ್ಕಲ್ಲಿನ ಮಟ್ಟದ್ದೆಂದು ಅಂದಾಜಾಗಿದೆ. ಆ ಲೆಕ್ಕದಲ್ಲಿ 100 ವೋಲ್ಟಿಗೆ ಏರಿದ, ಆರೇಳು ಮೈಕ್ರಾನಿಗಿಂತ ಕಡಿಮೆ ತ್ರಿಜ್ಯದ ಯಾವ ಟೊಳ್ಳು ಕಣವೂ ಉಳಿಯಲಾರದು. 1,000 ವೋಲ್ಟಿಗೆ ಏರಿದರೆ ಅರವತ್ತು ಮೈಕ್ರಾನಿನದೂ ಉಳಿಯಲಾರದು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಕಣ ಒಡೆದಾಗ ಹುಟ್ಟುವ ಚೂರುಗಳು ಸುತ್ತಲಿನ ಅದೇ ಪ್ಲಾಸ್ಮಾದಲ್ಲಿ (ವಿದ್ಯುದಾವೇಶ ಹೊತ್ತ ಕಣಗಳ ಅನಿಲದಲ್ಲಿ) ಮತ್ತೆ ಅದೇ ವೋಲ್ಟಿಗೆ ಏರುತ್ತವೆ, ಆದರೆ ತ್ರಿಜ್ಯ ಕಡಿಮೆಯಾದ್ದರಿಂದ ಅವುಗಳ ಮೇಲಿನ ಎಳೆತ ಇನ್ನೂ ಹೆಚ್ಚು. ಆದ್ದರಿಂದ ಒಡೆಯುವಿಕೆ ಒಮ್ಮೆ ಶುರುವಾದರೆ ನಡುದಾರಿಯಲ್ಲಿ ನಿಲ್ಲುವುದಿಲ್ಲ. ರಚನೆಯ ಮೂಲ ಘಟಕಗಳಾದ ಗಟ್ಟಿ ಕಣಗಳು ಬರುವವರೆಗೂ, ಇಲ್ಲವೇ ಕ್ಷೇತ್ರ ವಿಪರೀತ ಹೆಚ್ಚಿ ಎಲೆಕ್ಟ್ರಾನುಗಳು ತಾವಾಗಿಯೇ ಹೊರಗೆ ಚಿಮ್ಮಿ ಆವೇಶ ಇಳಿಯುವವರೆಗೂ ಅದು ಸಾಗುತ್ತದೆ. ರೊಸೆಟ್ಟಾದ ಇನ್ನೊಂದು ಉಪಕರಣವಾದ ಜಿಯಾಡಾ ಕಂಡದ್ದೂ ಇಂಥದ್ದೇ. ಟೊಳ್ಳು ಕಣಗಳು ಒಂದೊಂದಾಗಿ ಬಾರದೆ ಕಿರು ಅವಧಿಯಲ್ಲಿ ಮಳೆಯಂತೆ ಸುರಿದವು, ಮತ್ತು ಋಣಾವೇಶ ಹೊಂದಿದ್ದ ನೌಕೆಯ ಸಮೀಪಕ್ಕೆ ಬಂದ ಮೂಲಕಣ ವಿದ್ಯುತ್ ಬಲದಿಂದ ಸಿಡಿದದ್ದೇ ಇದಕ್ಕೆ ಕಾರಣವೆಂದು ವಿವರಿಸಲಾಯಿತು. ಹಿಯೋಸ್-2ರ ಹಿಂಡುಗಳಿಗೆ ಕೊಟ್ಟಿದ್ದ ವಿವರಣೆಗೆ ನಲವತ್ತು ವರ್ಷಗಳ ನಂತರ, ಬೇರೊಂದು ಜಾಗದಿಂದ ಸಿಕ್ಕ ಬೆಂಬಲವೆಂದು ನಾನು ಇದನ್ನು ಓದುತ್ತೇನೆ.

ಈ ಚೂರುಗಳು ಒಂದು ಮೈಕ್ರಾನಿನ ಆಸುಪಾಸಿನವು, ಅಥವಾ ಅದಕ್ಕಿಂತಲೂ ಸಣ್ಣವು. ನಮ್ಮ ಮೈಕ್ರೋಸ್ಕೋಪಿನ ಒಂದು ಪಿಕ್ಸೆಲ್ 3 ಮೈಕ್ರಾನ್. ಧೂಮಕೇತುವಿನ ಧೂಳನ್ನು ನೋಡಬಹುದೆಂಬ ಮಾತು ಇಲ್ಲಿಗೇ ಬಹುಮಟ್ಟಿಗೆ ಮುಗಿಯಿತು.

ಕಾಂತಗೋಳವನ್ನು ಹಾಗೂ ಹೀಗೂ ದಾಟಿದ ದೊಡ್ಡ ಕಣಗಳಿಗೆ ಮುಂದಿನ ಕಂಟಕ ಗಾಳಿ. ಭೂಮಿಗೆ ಬೀಳುವ ಯಾವ ಕಣದ ವೇಗವೂ ಸೆಕೆಂಡಿಗೆ ಸುಮಾರು 11 ಕಿಲೋಮೀಟರಿಗಿಂತ ಕಡಿಮೆಯಿರದು. 72 ಕಿಲೋಮೀಟರಿನವರೆಗೂ ಇರಬಹುದು. 20 ಕಿಲೋಮೀಟರ್ ವೇಗವನ್ನೇ ಹಿಡಿದುಕೊಂಡರೆ, 100 ಕಿಲೋಮೀಟರ್ ಎತ್ತರದ ತೆಳುಗಾಳಿಯಲ್ಲಿ ಎದುರೊತ್ತಡ ಇನ್ನೂರು ಪ್ಯಾಸ್ಕಲ್ಲಿನಷ್ಟು, 90ರಲ್ಲಿ ಸುಮಾರು 1,400, ವೇಗ ತಗ್ಗದಿದ್ದರೆ 80ರಲ್ಲಿ ಏಳು ಸಾವಿರಕ್ಕೂ ಹೆಚ್ಚು. ಸಾವಿರ ಪ್ಯಾಸ್ಕಲ್ ಗಟ್ಟಿತನದ ಉಂಡೆ 90 ಕಿಲೋಮೀಟರ್ ಎತ್ತರದಲ್ಲಿಯೇ ಬಿಚ್ಚಿಕೊಳ್ಳುತ್ತದೆಂದು ಇದರಿಂದ ತಿಳಿಯುತ್ತದೆ. ದೊಡ್ಡ ಉಲ್ಕೆಗಳನ್ನು ಅವು ಎಷ್ಟು ಕೆಳಗಿಳಿದು ನಂದಿದವು ಎಂಬುದರ ಮೇಲೆ 1976ರಲ್ಲಿ ಉಲ್ಕಾ ಸಂಶೋಧಕರಾದ ಸೆಪ್ಲೆಖಾ ಮತ್ತು ಮೆಕ್ರೋಸ್ಕಿ ವರ್ಗೀಕರಿಸಿದಾಗ, ಮೂರನೆಯ ವರ್ಗಕ್ಕೆ ಸೇರಿದ್ದು ಇಂಥ ಸಡಿಲ ವಸ್ತುವೇ. ಅಕ್ಟೋಬರಿನ ಡ್ರಾಕೊನಿಡ್ ಉಲ್ಕೆಗಳು ಅದಕ್ಕೆ ಪ್ರಸಿದ್ಧ ನಿದರ್ಶನ. 1933 ಮತ್ತು 1946ರಲ್ಲಿ ಅವುಗಳ ಮಹಾವೃಷ್ಟಿಯನ್ನು ಕಂಡವರು ಇದ್ದಾರೆ. ಅವುಗಳ ಕಲ್ಲನ್ನು ನೆಲದ ಮೇಲೆ ಕಂಡವರಿಲ್ಲ. ಆವಿಯಾದ ಲೋಹಗಳು ಅಲ್ಲಿಯೇ ಉಳಿದು, 90 ಕಿಲೋಮೀಟರಿನ ಸುತ್ತಮುತ್ತ ಸೋಡಿಯಂ ಪರಮಾಣುಗಳ ಪದರವೊಂದನ್ನು ರೂಪಿಸುತ್ತವೆ. ತಿರುಪತಿ ಬಳಿಯ ಗಾದಂಕಿಯಲ್ಲಿ ಲೇಸರ್ ಬೆಳಕನ್ನು ಮೇಲಕ್ಕೆ ಕಳಿಸಿ ಆ ಪದರವನ್ನು ಅಳೆಯುತ್ತಾರೆ.

ನ್ಯಾಯವಾಗಿ ಒಂದು ಮಾತನ್ನು ಸೇರಿಸಬೇಕು. ಹತ್ತಾರು ಮೈಕ್ರಾನಿನ ಕೆಲವು ಟೊಳ್ಳು ಕಣಗಳು ತೀರ ಹಗುರವಾದ್ದರಿಂದ ಬಹಳ ಎತ್ತರದಲ್ಲಿಯೇ ವೇಗ ಕಳೆದುಕೊಂಡು, ಹೆಚ್ಚು ಬಿಸಿಯಾಗದೆ, ಒಡೆಯದೆ ಕೆಳಗಿಳಿಯುತ್ತವೆ. ಅಮೆರಿಕದ ಖಗೋಳವಿಜ್ಞಾನಿ ಡೊನಾಲ್ಡ್ ಬ್ರೌನ್ಲೀ 1970ರ ದಶಕದಲ್ಲಿ ಯು-2 ವಿಮಾನದ ರೆಕ್ಕೆಗೆ ಸಿಲಿಕೋನ್ ಎಣ್ಣೆ ಬಳಿದ ಫಲಕಗಳನ್ನು ಕಟ್ಟಿಸಿ, 20 ಕಿಲೋಮೀಟರ್ ಎತ್ತರದಲ್ಲಿ ಹಿಡಿದದ್ದು ಇವನ್ನೇ. ಅಲ್ಲಿಯವರೆಗೆ ಇಡಿಯಾಗಿ ಬಂದ ಹಲವು ಕಣಗಳು ಕೊನೆಗೆ ಫಲಕಕ್ಕೆ ಬಡಿದು, ಒಂದೇ ಕಡೆ ಹತ್ತಾರು ಚೂರುಗಳಾಗಿ ಹರಡಿಕೊಂಡವು ಎಂಬುದು ಬೇರೆ ಮಾತು. ಇಂಥವು ಬೆಂಗಳೂರಿನ ತಾರಸಿಗೂ ಬಿದ್ದೇ ಬೀಳುತ್ತವೆ. ಆದರೆ ಮಳೆಯಲ್ಲಿ ತೊಳೆದು, ಸಿಮೆಂಟಿನ ಪುಡಿ ಮತ್ತು ಡೀಸೆಲ್ ಮಸಿಯೊಡನೆ ಬೆರೆತ ಮೇಲೆ, 10 ಮೈಕ್ರಾನನ್ನು ಮಸುಕಾಗಿ ತೋರಿಸುವ ಉಪಕರಣದಲ್ಲಿ ಅವನ್ನು ಗುರುತಿಸುವುದು ಸಾಧ್ಯವಿಲ್ಲ.

ಹಾಗಾದರೆ ಕಾಣುವುದು ಯಾವುದು? ಒಡೆಯದಷ್ಟು ಗಟ್ಟಿಯಾಗಿದ್ದು, ಆವಿಯಾಗಿಹೋಗದಷ್ಟು ಮಾತ್ರ ಬಿಸಿಯಾಗಿ, ಕೆಲವೇ ಸೆಕೆಂಡು ಕರಗಿ, ಮೇಲ್ಮೈ ಸೆಳೆತದಿಂದ ದುಂಡಾಗಿ, ಮತ್ತೆ ಘನವಾದ ಗುಂಡುಗಳು. ನೂರರಿಂದ ಕೆಲವು ನೂರು ಮೈಕ್ರಾನಿನ ಈ ಗುಂಡುಗಳಿಗೆ ಇದು ತಕ್ಕ ಉಪಕರಣ. ಇವು ಹೊಸ ಸುದ್ದಿಯೇನಲ್ಲ. 1872ರಿಂದ 1876ರವರೆಗೆ ಸಾಗರಗಳನ್ನು ಸುತ್ತಿದ ಚಾಲೆಂಜರ್ ಹಡಗು ಮೇಲೆತ್ತಿದ ಕೆಸರಿನಿಂದ ಜಾನ್ ಮರ್ರೆ ಅಯಸ್ಕಾಂತ ಬಳಸಿ ಇವನ್ನು ಹೆಕ್ಕಿದ್ದರು. ಹಿಂದೂ ಮಹಾಸಾಗರದ ತಳದ ಕೆಸರಿನಲ್ಲಿ ಸಿಕ್ಕವನ್ನು ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ಊರಿನ ಧೂಳಿನಲ್ಲಿ ಇವು ಸಿಗವೆಂದು ತಜ್ಞರು ಕೈಬಿಟ್ಟಿದ್ದಾಗ, ನಾರ್ವೆಯ ಜಾಜ್ ಸಂಗೀತಗಾರ ಯಾನ್ ಲಾರ್ಸೆನ್ ಮನೆಗಳ ಮಾಡಿನ ಕಸದಿಂದ ಅವನ್ನು ಆಯ್ದು ತೋರಿಸಿದರು. ಅವರು ಮತ್ತು ಲಂಡನ್ನಿನ ಮ್ಯಾಥ್ಯೂ ಗೆಂಜ್ 2017ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಸುಮಾರು 300 ಕಿಲೋ ಕಸದಿಂದ 500 ಗುಂಡುಗಳು ಸಿಕ್ಕ ಲೆಕ್ಕವಿದೆ.

ಬೆಂಗಳೂರಿನಲ್ಲಿ ತೊಂದರೆ ಗುಂಡುಗಳ ಕೊರತೆಯದಲ್ಲ, ಅತಿಶಯದ್ದು. ಗ್ರಿಲ್ ವರ್ಕ್ಸ್ ಅಂಗಡಿಯ ವೆಲ್ಡಿಂಗಿನಿಂದ, ಗ್ರೈಂಡಿಂಗ್ ಚಕ್ರದ ಕಿಡಿಯಿಂದ, ಮೆಟ್ರೊ ಕಾಮಗಾರಿಯಿಂದ, ದೀಪಾವಳಿಯ ಸುರುಸುರು ಬತ್ತಿ ಮತ್ತು ಹೂಕುಂಡಗಳಿಂದ ಹುಟ್ಟುವ ಕಬ್ಬಿಣದ ಗುಂಡುಗಳೂ ಕರಗಿ ದುಂಡಾದವೇ. ಅಯಸ್ಕಾಂತಕ್ಕೆ ಅವೂ ಅಂಟಿಕೊಳ್ಳುತ್ತವೆ. ಇದರ ಜೊತೆಗೆ ಎಂ-ಸ್ಯಾಂಡ್ ಇದೆ. ಅದು ಒಡೆದ ಗ್ರಾನೈಟು, ಮತ್ತು ಅದರೊಳಗಿನ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜದ ಮೊನಚು ಹರಳುಗಳು ಅಯಸ್ಕಾಂತದ ಮೇಲೆ ಕಪ್ಪು ಗಡ್ಡದಂತೆ ನಿಲ್ಲುತ್ತವೆ. ಮೊನಚಾದವನ್ನು ಬಿಟ್ಟುಬಿಡುವುದು ಸುಲಭ. ದುಂಡಗಿನವುಗಳಲ್ಲಿ ಥಳಥಳ ಹೊಳೆಯುವ, ಒಳಗೆ ಟೊಳ್ಳಾಗಿ ಒಂದು ತೂತು ಬಿದ್ದಿರುವ ಕಬ್ಬಿಣದ ಗುಂಡುಗಳು ಬಹುಪಾಲು ವೆಲ್ಡಿಂಗಿನವು. ಬಾಹ್ಯಾಕಾಶದಿಂದ ಬಂದ ಗುಂಡುಗಳಲ್ಲಿ ಶುದ್ಧ ಕಬ್ಬಿಣದ ಬಗೆ ನೂರಕ್ಕೆ ಕೆಲವೇ. ಉಳಿದವೆಲ್ಲ ಕಲ್ಲಿನವು, ಮಂಕಾದ ಕಪ್ಪು ಅಥವಾ ಕಂದು ಬಣ್ಣದವು, ಮೈಮೇಲೆ ಆಲಿವಿನ್ ಎಂಬ ಖನಿಜದ ಹರಳುಗಳ ಸಮಾನಾಂತರ ಗೆರೆಗಳೋ ಮ್ಯಾಗ್ನಟೈಟಿನ ಸಣ್ಣ ಕವಲುಗಳೋ ಇರುವಂಥವು. ಕರಪತ್ರದಲ್ಲಿ ಅಚ್ಚಾಗಿರುವ ಹೊಳೆಯುವ ಬೆಳ್ಳಿಗುಂಡಿನ ಚಿತ್ರ ನನ್ನ ದೃಷ್ಟಿಯಲ್ಲಿ ಸಂಶಯಾಸ್ಪದ. ಅದನ್ನೇ ಮಾದರಿಯಾಗಿಟ್ಟುಕೊಂಡ ಮಗುವು ನೆರೆಮನೆಯ ಗೇಟಿನ ವೆಲ್ಡಿಂಗ್ ಕಿಡಿಯನ್ನು ಧೂಮಕೇತುವೆಂದು ಕಾಪಾಡಿಕೊಳ್ಳುತ್ತದೆ.

ಈ ಗೆರೆಗಳನ್ನು ನೋಡುವಲ್ಲಿಯೇ ಉಪಕರಣದ ಬಲವೂ ದೌರ್ಬಲ್ಯವೂ ಕಾಣುತ್ತವೆ. 300 ಮೈಕ್ರಾನಿನ ಗುಂಡಿನ ಮೇಲೆ ದಪ್ಪ ಗೆರೆಗಳಿದ್ದರೆ ತಿಳಿಯುತ್ತದೆ; ಸಣ್ಣ ಹರಳಿನ ಗುಂಡಾದರೆ ಬರಿಯ ಕಪ್ಪು ಚುಕ್ಕೆ. ಎಂಟು ಎಲ್‌ಇಡಿಗಳು ಪ್ರತಿಯೊಂದು ಗುಂಡಿನ ಮೇಲೂ ಎಂಟು ಬಿಳಿಯ ಪ್ರತಿಬಿಂಬ ಮೂಡಿಸಿ ಅರ್ಧ ಮೇಲ್ಮೈಯನ್ನು ಮರೆಮಾಡುತ್ತವೆ. ಒಳಗಿನ ದೀಪವನ್ನು ಪೂರ್ತಿ ತಗ್ಗಿಸಿ, ಪಕ್ಕದಿಂದ ಮೇಜಿನ ದೀಪದ ಬೆಳಕನ್ನು ಬಟರ್ ಪೇಪರಿನ ಮೂಲಕ ಹಾಯಿಸಿದರೆ ಚಿತ್ರ ಆಶ್ಚರ್ಯ ಹುಟ್ಟಿಸುವಷ್ಟು ಸುಧಾರಿಸುತ್ತದೆ. ಫೋಕಸ್ ಬಹಳ ತೆಳುವಾಗಿರುವುದರಿಂದ ಗುಂಡಿನ ನೆತ್ತಿ ಸ್ಪಷ್ಟವಾದರೆ ಅಂಚು ಮಸುಕಾಗುತ್ತದೆ. ಬಳೆಯನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಹಲವು ಚಿತ್ರ ತೆಗೆದು, ಉಚಿತ ತಂತ್ರಾಂಶದಲ್ಲಿ ಒಂದರ ಮೇಲೊಂದು ಕೂಡಿಸುವುದು ಇದಕ್ಕಿರುವ ಪರಿಹಾರ. ಸ್ಟ್ಯಾಂಡು ಮಾತ್ರ ಕ್ಷಮೆಗೆ ಅರ್ಹವಲ್ಲ. ಬೀದಿಯಲ್ಲಿ ಬಿಎಂಟಿಸಿ ಬಸ್ಸು ಹೋದರೆ ಪರದೆಯ ಮೇಲಿನ ಚಿತ್ರ ಕುಣಿಯುತ್ತದೆ, ಮತ್ತು ಕುತ್ತಿಗೆಯ ತಿರುಪು ಕೆಲವೇ ದಿನಗಳಲ್ಲಿ ಸಡಿಲವಾಗುತ್ತದೆ.

ಕಿಟ್ಟಿನಲ್ಲಿ ಜರಡಿ ಇಲ್ಲದಿರುವುದು ದೊಡ್ಡ ಕೊರತೆ. ಧೂಳನ್ನು ನೀರಿನಲ್ಲಿ ತೊಳೆದು, ಮಣ್ಣು ತೇಲಿಹೋದ ಮೇಲೆ ಒಣಗಿಸಿ, 150ರಿಂದ 400 ಮೈಕ್ರಾನಿನ ನಡುವಿನ ಭಾಗವನ್ನು ಬೇರ್ಪಡಿಸದ ಹೊರತು ಹುಡುಕಾಟ ವ್ಯರ್ಥ. ಅಡುಗೆಮನೆಯ ಹಿಟ್ಟಿನ ಜರಡಿ ದೊಡ್ಡ ಕಸವನ್ನು ತಡೆಯುತ್ತದೆ. ನಯವಾದ ಪುಡಿಯನ್ನು ಬಿಡಿಸಲು ವಸ್ತ್ರಗಾಳಿತ ಮಾಡುವುದೇ ಸರಿ. ಅಯಸ್ಕಾಂತವನ್ನು ನೇರವಾಗಿ ಧೂಳಿಗೆ ಹಿಡಿಯದೆ ಪ್ಲಾಸ್ಟಿಕ್ ಕವರಿನೊಳಗಿಟ್ಟು ಆಡಿಸಬೇಕು, ಇಲ್ಲವಾದರೆ ಅಂಟಿದ್ದನ್ನು ಬಿಡಿಸಲು ಒಂದು ಸಂಜೆ ಬೇಕಾಗುತ್ತದೆ. ಮಳೆನೀರು ಕೊಯ್ಲಿನ ಫಿಲ್ಟರ್ ಇರುವ ಮನೆಗಳಿಗೆ ಒಂದು ಅನುಕೂಲವಿದೆ: ಇಡೀ ತಾರಸಿಯ ಧೂಳನ್ನು ಮಳೆಯೇ ಗುಡಿಸಿ ತಂದು ಅಲ್ಲಿ ಹಾಕಿರುತ್ತದೆ. ಪೀಣ್ಯದಂಥ ಕೈಗಾರಿಕಾ ಪ್ರದೇಶದ ಸುತ್ತಮುತ್ತಲಿನವರು ಈ ಹವ್ಯಾಸಕ್ಕೆ ಕೈಹಾಕದಿರುವುದು ಮೇಲು.

ಅಂತಿಮ ನಿರ್ಣಯ ಈ ಉಪಕರಣದ ಕೈಯಲ್ಲಿಲ್ಲ ಎಂಬುದನ್ನೂ ಹೇಳಬೇಕು. ಗುಂಡು ನಿಜವಾಗಿ ಬಾಹ್ಯಾಕಾಶದ್ದೇ ಎಂದು ತಿಳಿಯಲು ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಅದರ ಮೂಲಧಾತುಗಳನ್ನು ಅಳೆಯಬೇಕು. ನಮ್ಮ ಯುಎಸ್‌ಬಿ ಕೊಳವೆ ಕೊಡುವುದು ಅಭ್ಯರ್ಥಿಗಳ ಪಟ್ಟಿಯನ್ನು ಮಾತ್ರ. ಒಡೆಯುವ ಧೂಳನ್ನೇ ಅರಿಯಬೇಕೆಂದರೆ ಉಪಕರಣವನ್ನು ಮೇಲಕ್ಕೇ ಕಳಿಸಬೇಕಾಗುತ್ತದೆ. 2024ರ ಜನವರಿ 1ರಂದು ಪಿಎಸ್‌ಎಲ್‌ವಿ-ಸಿ58 ರಾಕೆಟ್ಟಿನ ಕೊನೆಯ ಹಂತದಲ್ಲಿ, ಸುಮಾರು 350 ಕಿಲೋಮೀಟರ್ ಎತ್ತರಕ್ಕೆ ಹೋದ ಡೆಕ್ಸ್ ಅಂಥದ್ದು. ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದವರು ಕಟ್ಟಿದ, ಕೆಲವೇ ಕಿಲೋ ತೂಕದ ಈ ಸಂವೇದಕವು ಸರಾಸರಿ ಸಾವಿರ ಸೆಕೆಂಡಿಗೊಂದು ಧೂಳಿನ ಕಣದ ಹೊಡೆತವನ್ನು ದಾಖಲಿಸಿತು. ಇದರ ಬಗ್ಗೆ ಒಂದು ಸಾಲಾದರೂ ಕರಪತ್ರದಲ್ಲಿದ್ದಿದ್ದರೆ, ಕಿಟ್ಟಿನ ಹೆಚ್ಚುವರಿ ಬೆಲೆಗೆ ಒಂದು ಸಮರ್ಥನೆ ಸಿಗುತ್ತಿತ್ತು.

ಈಗಿರುವಂತೆ ಅದು ಸಿಗುವುದಿಲ್ಲ. ಕಿಟ್ಟನ್ನು ಬಿಟ್ಟು ಬರಿಯ ಮೈಕ್ರೋಸ್ಕೋಪನ್ನು ಕೊಳ್ಳಿ. ಅಯಸ್ಕಾಂತ ಅದೇ ರಸ್ತೆಯಲ್ಲಿ ಬಿಡಿಯಾಗಿ ಅಗ್ಗಕ್ಕೆ ಸಿಗುತ್ತದೆ. ಅಂಗಡಿಯಲ್ಲಿಯೇ ಕಂಪ್ಯೂಟರಿಗೆ ಜೋಡಿಸಿ, ನೋಟಿನ ಮೇಲಿನ ಸೂಕ್ಷ್ಮಾಕ್ಷರಗಳನ್ನು ಓದಿ ನೋಡಿ, ಅಳತೆಪಟ್ಟಿಯ ಎಷ್ಟು ಗೆರೆ ಪರದೆಯಲ್ಲಿ ಹಿಡಿಸುತ್ತವೆಂದು ಎಣಿಸಿ, ಆಮೇಲೆ ಹಣ ಕೊಡಿ. ಎರಡು ಮೆಗಾಪಿಕ್ಸೆಲ್ಲಿನ ನಿಜವಾದ ಸಂವೇದಕವಿರುವ ಮಾದರಿಗೆ ಕೆಲವು ನೂರು ರೂಪಾಯಿ ಹೆಚ್ಚಾದರೂ ಅದನ್ನೇ ಆರಿಸಿಕೊಳ್ಳುವುದು ಲಾಭ. ಖರೀದಿಯನ್ನು ಮುಂಗಾರಿನ ಹೊತ್ತಿಗೇ ಮುಗಿಸುವುದು ಒಳ್ಳೆಯದು. ಫಿಲ್ಟರಿನ ಕೆಸರನ್ನು ಸೆಪ್ಟೆಂಬರಿನ ಮಳೆಯ ನಂತರ, ದೀಪಾವಳಿಗೆ ಮೊದಲು ತೆಗೆದು ಡಬ್ಬಿಗೆ ಹಾಕಿ ದಿನಾಂಕ ಬರೆದಿಟ್ಟುಕೊಂಡರೆ, ಪಟಾಕಿಯ ಗುಂಡುಗಳನ್ನು ಬೇರ್ಪಡಿಸುವ ಶ್ರಮವಾದರೂ ಉಳಿಯುತ್ತದೆ.